ಬೇಲಿಯ ಬ್ಯಾಟರಿ ಪೆಟ್ಟಿಗೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಬೇಲಿಯೆಂದರೆ ಒಂದು ಕಾಲಕ್ಕೆ ಕಳ್ಳಿ, ಕತ್ತಾಳೆ, ಲಂಟಾನ. ದನಕರುಗಳು ಒಳಗೆ ನುಗ್ಗದಿರಲು ಅಷ್ಟು ಸಾಕಾಗಿತ್ತು. ಆನೆಗಾದರೋ ಅದು ಬೇಲಿಯೇ ಅಲ್ಲ. 1988ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿಕೊಂಡ ನಾಗರಹೊಳೆಯ ಕಾಡು ಈ ತಾಲ್ಲೂಕುಗಳ ಹೊಲಗಳ ಅಂಚಿಗೇ ಬಂದು ನಿಂತಿದೆ. ಕಾಡಿನಿಂದ ಆನೆ ಬರಬಾರದೆಂದು ಅರಣ್ಯ ಇಲಾಖೆಯವರು ಕಂದಕ ತೋಡಿಸಿದ್ದಾರೆ. ಕೆಲವು ಕಡೆ ಹಳೆಯ ರೈಲು ಕಂಬಿಗಳನ್ನು ನೆಡಿಸಿ ತಡೆ ಕಟ್ಟಿದ್ದಾರೆ. ಕಂದಕ ಮಳೆಗೆ ಕುಸಿಯುತ್ತದೆ. ಕಂಬಿಯ ತಡೆ ಎಲ್ಲರ ಹೊಲದ ಮುಂದಕ್ಕೂ ಬಂದಿಲ್ಲ. ಉಳಿದವರ ಪಾಲಿಗೆ ಇರುವುದು ಸೋಲಾರ್ ಬೇಲಿ. ಕೃಷ್ಣರಾಜನಗರದ ಕಡೆ ಕಾಡು ದೂರ. ಅಲ್ಲಿಯೂ ಹಂದಿಯ ಕಾಟಕ್ಕೆ ಈಚೆಗೆ ಇದೇ ಬೇಲಿ ಬಂದಿದೆ.

ಪಟ್ಟಣದ ಮನೆಗಳಲ್ಲಿ ಕುಳಿತು ರೇಡಿಯೊ ಕೇಳುವವರಿಗೆ ಹೊಲದ ಬೇಲಿಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಪಟ್ಟಣಗಳಲ್ಲಿ ಅಂಗಡಿಯವರು, ಗುಮಾಸ್ತರು, ನನ್ನಂಥ ಮೇಷ್ಟರುಗಳು ಎಷ್ಟು ಮಂದಿಗೆ ಹಳ್ಳಿಯಲ್ಲಿ ಎರಡು ಮೂರು ಎಕರೆ ಹೊಲವಿಲ್ಲ? ಬೇಸಾಯ ಮಾಡುವವನು ಅಲ್ಲಿರುವ ತಮ್ಮನೋ ಭಾವಮೈದನೋ. ಬ್ಯಾಟರಿ ಕೊಂಡು ಬಸ್ಸಿಗೆ ಹಾಕಿ ಕಳಿಸುವವರು ಇಲ್ಲಿರುವ ನಾವು. ಬ್ಯಾಟರಿಯನ್ನು ಕೊಳ್ಳುವಾಗ ಪೆಟ್ಟಿಗೆಯ ನೆನಪು ನಮಗೆ ಬರುವುದಿಲ್ಲ. ಅದು ಹೊಲಕ್ಕೆ ಹೋಗಿ, ಹಳೆಯ ಪೆಟ್ಟಿಗೆಯ ಮುಂದೆ ಕುಳಿತಾಗಲೇ ಹಿಡಿಯುವುದಿಲ್ಲವೆಂದು ತಿಳಿಯುತ್ತದೆ. ಈ ದಿನದ ನನ್ನ ಮಾತು ಆ ಪೆಟ್ಟಿಗೆಯನ್ನು ಕುರಿತದ್ದು.

ಮೊದಲು ಬೇಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹಗಲು ಬಿಸಿಲು ಸೋಲಾರ್ ಪ್ಯಾನೆಲಿನ ಮೇಲೆ ಬಿದ್ದು 12 ವೋಲ್ಟಿನ ಬ್ಯಾಟರಿಯನ್ನು ತುಂಬುತ್ತದೆ. ರಾತ್ರಿ ಆ ಬ್ಯಾಟರಿಯಿಂದ ಎನರ್ಜೈಸರ್ ಎಂಬ ಸಣ್ಣ ಯಂತ್ರ ನಡೆಯುತ್ತದೆ. ಕೆಲವರು ಅದನ್ನು ಝಟ್ಕಾ ಮಿಷನ್ ಎನ್ನುತ್ತಾರೆ. ಜಟಕಾ ಎಂದರೆ ಮೈಸೂರಿನವರಿಗೆ ಕುದುರೆ ಗಾಡಿ. ಬೇಲಿಯ ಝಟ್ಕಾ ಹಿಂದಿಯಿಂದ ಬಂದ ಮಾತು, ಕುಲುಕು ಎಂದರ್ಥ. ಈ ಯಂತ್ರ ಸೆಕೆಂಡಿಗೊಮ್ಮೆ ಐದಾರು ಸಾವಿರ ವೋಲ್ಟಿನ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ, ಒಂದು ಮಿಡಿತವನ್ನು ತಂತಿಗೆ ಕೊಡುತ್ತದೆ. ಮಿಡಿತವಿರುವುದು ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಮುಟ್ಟಿದ ಪ್ರಾಣಿಗೆ ಚುರುಕು ಹತ್ತುತ್ತದೆ, ಆದರೆ ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಅದು ಸರಿದುಕೊಳ್ಳಬಹುದು. ಜೀವಕ್ಕೆ ಅಪಾಯವಿಲ್ಲದಂತೆ ಯಂತ್ರವನ್ನು ಕಟ್ಟಿರುತ್ತಾರೆ. ಕರೆಂಟು ಲೈನಿನ 230 ವೋಲ್ಟು ಹಾಗಲ್ಲ. ಅದು ಎಡೆಬಿಡದೆ ಹರಿಯುತ್ತದೆ, ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಮುಟ್ಟಿದವರನ್ನು ಬಿಡುವುದಿಲ್ಲ. ಐದು ಸಾವಿರ ಚುರುಗುಟ್ಟಿಸುತ್ತದೆ, ಇನ್ನೂರ ಮೂವತ್ತು ಕೊಲ್ಲುತ್ತದೆ ಎಂದರೆ ಹಳ್ಳಿಯ ಎಷ್ಟೋ ಮಂದಿ ನಂಬುವುದಿಲ್ಲ. ಸಂಗತಿಯೇನೋ ನಿಜ.

ಬ್ಯಾಟರಿ ಎಂಬ ಮಾತಿನ ವಿಷಯ ನನ್ನಂಥ ಭಾಷೆಯ ಮೇಷ್ಟರಿಗೆ ಕುತೂಹಲದ್ದು. ನಮ್ಮ ಹಳ್ಳಿಗಳಲ್ಲಿ ‘ಬ್ಯಾಟ್ರಿ ಬಿಡು’ ಎಂದರೆ ಟಾರ್ಚು ಹಾಕು ಎಂದರ್ಥ. ಒಳಗಿನ ಸರಕಿಗೆ ಅಲ್ಲಿ ಹೆಸರು ಸೆಲ್ಲು. ಪಠ್ಯಪುಸ್ತಕದ ‘ವಿದ್ಯುತ್ಕೋಶ’ ಪರೀಕ್ಷೆಯ ಉತ್ತರ ಪತ್ರಿಕೆಯ ಆಚೆಗೆ ಬಂದದ್ದನ್ನು ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿಯೂ ಈ ಮಾತು ಫಿರಂಗಿಗಳ ಸಾಲಿಗೆ ಇದ್ದ ಹೆಸರು. 18ನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಹಿಡಿದಿಡುವ ಗಾಜಿನ ಜಾಡಿಗಳ ಸಾಲಿಗೆ ಅದನ್ನು ಕೊಟ್ಟ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ನಮ್ಮ ಬೇಲಿಯ ಪೆಟ್ಟಿಗೆಯಲ್ಲಿ ಇಂದಿಗೂ ಕುಳಿತಿರುವುದು ಹೆಚ್ಚಾಗಿ ಅವನ ಬ್ಯಾಟರಿಯ ಮೊಮ್ಮಗನೇ.

ಈಗ ವಿಷಯಕ್ಕೆ ಬರೋಣ. ನನ್ನ ತಮ್ಮನ ಹೊಲ ಹನಗೋಡಿನ ಆಚೆ, ಕಾಡಿನ ಕಡೆಗಿದೆ. ಹೊಗೆಸೊಪ್ಪು, ಮುಸುಕಿನ ಜೋಳ, ಒಂದಿಷ್ಟು ರಾಗಿ. ಹೊಗೆಸೊಪ್ಪನ್ನು ಆನೆ ತಿನ್ನುವುದಿಲ್ಲ, ತುಳಿಯುತ್ತದೆ. ಜೋಳ ತೆನೆ ಕಟ್ಟುವ ಹೊತ್ತಿಗೆ ಮಳೆಗಾಲ, ವಾರಗಟ್ಟಲೆ ಮೋಡ. ಬೇಲಿ ಗಟ್ಟಿಯಾಗಿ ಬೇಕಾದ ದಿನಗಳೂ ಬಿಸಿಲು ಕಾಣದ ದಿನಗಳೂ ಒಂದೇ. ಮೂರು ದಿನ ಜಡಿಮಳೆ ಹಿಡಿದರೆ ನಾಲ್ಕನೆಯ ರಾತ್ರಿ ಎನರ್ಜೈಸರಿನ ಟಿಕ್ ಟಿಕ್ ಶಬ್ದ ನಿಂತುಹೋಗುತ್ತಿತ್ತು. ಆನೆಗೆ ಇದು ಬಹುಬೇಗ ತಿಳಿಯುತ್ತದೆ. ಜೀವಂತ ಬೇಲಿಯನ್ನೇ ದಂತದಿಂದ ತಳ್ಳಿ, ಮರದ ಕೊಂಬೆ ಎತ್ತಿಹಾಕಿ ಮುರಿಯುವ ಆನೆಗಳುಂಟು. ಸತ್ತ ಬೇಲಿಯನ್ನು ಅವು ಲೆಕ್ಕಕ್ಕೇ ಇಡುವುದಿಲ್ಲ.

ಬ್ಯಾಟರಿ ಸತ್ತ ಅಂಥ ರಾತ್ರಿಯಲ್ಲಿ ಮನುಷ್ಯನ ಬುದ್ಧಿಯೂ ಕೆಡುತ್ತದೆ. ಹೊಲದ ಪಕ್ಕದಲ್ಲಿ ಪಂಪ್‌ಸೆಟ್ಟಿನ ಲೈನು ಹಾದುಹೋಗಿರುತ್ತದೆ. ‘ಒಂದು ರಾತ್ರಿಗೆ ತಾನೆ’ ಎಂದು ಒಬ್ಬ ಕೊಕ್ಕೆ ಹಾಕಿ ಬೇಲಿಗೆ ನೇರವಾಗಿ ಕರೆಂಟು ಕೊಡುತ್ತಾನೆ. ಬೆಳಗ್ಗೆ ಅಲ್ಲಿ ಬಿದ್ದಿರುವುದು ಆನೆಯಾಗಬಹುದು, ಪಕ್ಕದ ಹೊಲದ ಹಸುವಾಗಬಹುದು, ನೀರು ತಿರುಗಿಸಲು ಬಂದ ಅವನ ಮಗನೇ ಆಗಬಹುದು. ಇಂಥ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆನೆಯ ಹೆಸರು ಮೊದಲನೆಯ ಅನುಸೂಚಿಯಲ್ಲಿದೆ. ಲೈನಿನಿಂದ ಕರೆಂಟು ಕದಿಯುವುದು ಬೇರೆಯೇ ಅಪರಾಧ. ಕಾನೂನಿನ ಮಾತು ಹಾಗಿರಲಿ. ಬೇಲಿಯ ಬ್ಯಾಟರಿ ಸಾಯದಂತೆ ನೋಡಿಕೊಂಡ ಮನೆಯಲ್ಲಿ ಆ ಕೊಕ್ಕೆಯ ಯೋಚನೆ ಹುಟ್ಟುವುದೇ ಇಲ್ಲ. ಪೆಟ್ಟಿಗೆಯಂಥ ಸಣ್ಣ ವಿಷಯವನ್ನು ನಾನು ಇಷ್ಟು ದೊಡ್ಡದು ಮಾಡುತ್ತಿರುವುದು ಇದಕ್ಕಾಗಿ.

ತಮ್ಮನ ತೀರ್ಮಾನ ಸರಳವಾಗಿತ್ತು: 40 ಆಂಪಿಯರ್-ಗಂಟೆಯ ಬ್ಯಾಟರಿ ತೆಗೆದು 80ರದ್ದು ಹಾಕುವುದು. ಅಂಗಡಿಯವರು ಇದನ್ನು ಎ.ಎಚ್. ಎನ್ನುತ್ತಾರೆ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಕೇಳುವವರಿಗೆ ಲೆಕ್ಕ ಬೇಸರವಾದೀತು, ಆದರೂ ಸ್ವಲ್ಪ ಸಹಿಸಿಕೊಳ್ಳಿ.

ಅವನ ಎನರ್ಜೈಸರ್ ಎಳೆಯುವುದು ಸುಮಾರು ಮುಕ್ಕಾಲು ಆಂಪಿಯರ್. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ 12 ಗಂಟೆಗೆ 9 ಎ.ಎಚ್. ಖರ್ಚು. ಪ್ಯಾನೆಲು 40 ವಾಟಿನದು. ಒಳ್ಳೆಯ ಬಿಸಿಲಿನಲ್ಲಿ ಎರಡೂಕಾಲು ಆಂಪಿಯರಿನಂತೆ ಐದು ಗಂಟೆಗೆ 11 ಎ.ಎಚ್. ಬರುತ್ತದೆ. ಮೋಡದ ದಿನ ಕಾಲು ಪಾಲು, ಅಂದರೆ 3 ಬಂದರೆ ಪುಣ್ಯ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ 40ರಲ್ಲಿ ನಾವು ನಂಬಬಹುದಾದ್ದು 20. ಮಳೆಗಾಲದಲ್ಲಿ ದಿನಕ್ಕೆ 6 ಕೊರತೆ ಬಿದ್ದರೆ ಮೂರು ದಿನಕ್ಕೆ ಅದು ಮುಗಿಯಿತು. ತಮ್ಮ ಕಂಡದ್ದೂ ಅದೇ.

80ರ ಬ್ಯಾಟರಿ ಹಾಕಿದರೆ 40 ನಂಬಬಹುದು. ಆರು ದಿನ ದೂಡಬಹುದು. ಸರಿಯೇ. ಆದರೆ ಬರಿದಾದ ಆ 40 ಮತ್ತೆ ತುಂಬಬೇಡವೇ? ಬಿಸಿಲಿನ ದಿನ ಬರುವುದು 11, ಹೋಗುವುದು 9, ಉಳಿಯುವುದು 2. ಇಪ್ಪತ್ತು ದಿನ ಎಡೆಬಿಡದೆ ಬಿಸಿಲು ಕಾಯಬೇಕು! ನಮ್ಮ ಕಡೆಯ ಶ್ರಾವಣ ಭಾದ್ರಪದದಲ್ಲಿ ಅದು ಆಗುವ ಮಾತಲ್ಲ. ದೊಡ್ಡ ಕಣಜ ಕಟ್ಟಿಸಿದ ಮಾತ್ರಕ್ಕೆ ರಾಗಿ ತುಂಬೀತೆ? ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಉಪ್ಪು ಗಟ್ಟಿಕಟ್ಟಿಕೊಂಡು, ಹೊಸ ಬ್ಯಾಟರಿ ಹಳೆಯದಕ್ಕಿಂತ ಮುಂಚೆ ಹೋಗುತ್ತದೆ.

ಇನ್ನೊಂದು ರೀತಿ ನೋಡಿ. ಬ್ಯಾಟರಿಯನ್ನು ಮುಟ್ಟದೆ, 40 ವಾಟಿನ ಇನ್ನೊಂದು ಪ್ಯಾನೆಲು ಸೇರಿಸಿದರೆ ಮೋಡದ ದಿನ 6 ಬರುತ್ತದೆ, ಕೊರತೆ 3ಕ್ಕೆ ಇಳಿಯುತ್ತದೆ. ಹಳೆಯ 40ರ ಬ್ಯಾಟರಿಯೇ ಆರು ದಿನ ತಡೆಯುತ್ತದೆ. ಬಿಸಿಲು ಬಂದ ಎರಡು ದಿನದಲ್ಲಿ ತುಂಬಿಯೂ ಬಿಡುತ್ತದೆ. ಪ್ಯಾನೆಲು ಎರಡು, ಬ್ಯಾಟರಿಯೂ 80ರದ್ದಾದರೆ ಹನ್ನೆರಡು ಹದಿಮೂರು ದಿನದ ಮೋಡವನ್ನು ದಾಟಬಹುದು. ತುಂಬುವಾಗ ಸ್ವಲ್ಪ ನಷ್ಟವಾಗುವುದುಂಟು. ಅದನ್ನು ಬಿಟ್ಟೇ ಹೇಳಿದ್ದೇನೆ. ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ನನ್ನ ಮಟ್ಟಿಗೆ, ಕೈಯಲ್ಲಿ ಇರುವ ಹಣ ಒಂದಕ್ಕೇ ಸಾಕೆಂದಾದರೆ ಪ್ಯಾನೆಲು ಮೊದಲು, ಬ್ಯಾಟರಿ ಆಮೇಲೆ. ನಡುವಿನ ಚಾರ್ಜ್ ಕಂಟ್ರೋಲರ್ ಎರಡು ಪ್ಯಾನೆಲಿನ ಆಂಪಿಯರನ್ನು ತಡೆಯುವಷ್ಟು ಇದೆಯೇ ಎಂಬುದನ್ನು ಮಾತ್ರ ಅದರ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಬೇಕು.

ತಮ್ಮನ ಹಳೆಯ ಬ್ಯಾಟರಿಗೆ ಐದು ವರ್ಷ ತುಂಬಿತ್ತು; ಹೇಗೂ ಬದಲಾಯಿಸಬೇಕು. ಎರಡನ್ನೂ ತಂದೆವು. ಅಲ್ಲಿಂದ ಪೆಟ್ಟಿಗೆಯ ಕಥೆ.

ಹಳೆಯ ಪೆಟ್ಟಿಗೆ ಕಬ್ಬಿಣದ ತಗಡಿನದು, ಒಳಗೆ 14 ಇಂಚು ಉದ್ದ. ಪ್ಯಾನೆಲಿನ ಕಂಬಕ್ಕೇ ಬೋಲ್ಟು ಹಾಕಿ ನೇತುಹಾಕಿತ್ತು. ಹೊಸ ಬ್ಯಾಟರಿ 16 ಇಂಚು ಉದ್ದ, 7 ಇಂಚು ಅಗಲ, ಟರ್ಮಿನಲ್ ಸೇರಿ 10 ಇಂಚು ಎತ್ತರ, ತೂಕ ಸುಮಾರು 30 ಕಿಲೋ. ವೆಲ್ಡಿಂಗ್ ಅಂಗಡಿಯ ಹುಡುಗ ನೋಡಿ, ‘ಮೇಷ್ಟ್ರೇ, ನಿಲ್ಸಿ ಇಕ್ಕುದ್ರೆ ಹಳೇ ಪೆಟ್ಟಿಗೇಲೇ ಹಿಡೀತದೆ’ ಎಂದ. ಇದು ಅವನೊಬ್ಬನ ಯೋಚನೆಯಲ್ಲ, ಅನೇಕರು ಹಾಗೆಯೇ ಮಾಡುತ್ತಾರೆ. ನೀರು ಹಾಕುವ ಬ್ಯಾಟರಿಯನ್ನು ಪಕ್ಕಕ್ಕೆ ಮಲಗಿಸುವುದಾಗಲಿ ತುದಿಯ ಮೇಲೆ ನಿಲ್ಲಿಸುವುದಾಗಲಿ ಕೂಡದು. ಆಸಿಡ್ ಬಿರಡೆಗಳಿಂದ ಸೋರಿ ಪೆಟ್ಟಿಗೆಯ ತಗಡನ್ನು ತಿನ್ನುತ್ತದೆ, ಫಲಕಗಳು ಒಣಗುತ್ತವೆ. ಇನ್ನು ಕೆಲವರು ಬ್ಯಾಟರಿಯನ್ನು ಪೆಟ್ಟಿಗೆಯ ಹೊರಗೇ ಇಟ್ಟು ಗೊಬ್ಬರದ ಚೀಲ ಹೊದಿಸುತ್ತಾರೆ. ಅದಕ್ಕಿಂತ ಹಳೆಯ ಬ್ಯಾಟರಿಯೇ ವಾಸಿ. ಹಳೆಯದನ್ನು ತೆಗೆಯದೆ ಪಕ್ಕಕ್ಕೆ ಹೊಸದೊಂದನ್ನು ಜೋಡಿಸಿ ಎರಡನ್ನೂ ದುಡಿಸುವವರೂ ಉಂಟು. ಮುದಿ ಎತ್ತಿನ ಜೊತೆಗೆ ಹೋರಿಯನ್ನು ಕಟ್ಟಿದಂತೆ, ಹೊಸದು ಹಳೆಯದರ ಹೊರೆಯನ್ನು ಹೊತ್ತೇ ಸೊರಗುತ್ತದೆ.

ನಾವು ಮಾಡಿಸಿದ್ದು ಹೀಗೆ. ಮೊದಲು ಎನರ್ಜೈಸರನ್ನು ಆರಿಸಿ, ಪ್ಯಾನೆಲಿನ ತಂತಿ ಬಿಚ್ಚಿ, ಕಡೆಗೆ ಬ್ಯಾಟರಿಯ ತಂತಿ ಬಿಚ್ಚಿದೆವು. ಬ್ಯಾಟರಿಯಲ್ಲಿ ಋಣ ಟರ್ಮಿನಲ್ ಮೊದಲು. ಮತ್ತೆ ಜೋಡಿಸುವಾಗ ಇದೇ ಕ್ರಮ ತಿರುವುಮುರುವು. ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿಯೇ ವೆಲ್ಡಿಂಗಿಗೆ ಒಯ್ಯಬೇಕು. ಬ್ಯಾಟರಿ ಒಳಗಿರುವಾಗ ಹತ್ತಿರದಲ್ಲಿ ಕಿಡಿ ಹಾರಿಸುವುದು ಮದ್ದಿನ ಮನೆಯಲ್ಲಿ ಬೀಡಿ ಹಚ್ಚಿದಂತೆ. ಪೆಟ್ಟಿಗೆಯ ಒಂದು ಪಕ್ಕವನ್ನು ಕತ್ತರಿಸಿ ಆರು ಇಂಚು ಬೆಳೆಸಿದರು. ಬ್ಯಾಟರಿಗೆ ಬೇಕಾದ್ದು 16, ಪೆಟ್ಟಿಗೆ ಈಗ 20. ಎರಡು ಕಡೆಯೂ ಗಾಳಿಯಾಡಲು, ಕೈ ಹೋಗಲು ಎಡೆ ಇರಬೇಕು. ಕೆಲವರು ಅಳತೆಗೆ ಸರಿಯಾಗಿ ಬಿಗಿಮಾಡಿಸುತ್ತಾರೆ. ಹಾಗೆ ಮಾಡಿದರೆ ಬ್ಯಾಟರಿಯನ್ನು ಮೇಲೆತ್ತುವುದಕ್ಕೂ ಆಗುವುದಿಲ್ಲ, ಬೇಸಗೆಯಲ್ಲಿ ಒಳಗೆ ಬೆಂದುಹೋಗುತ್ತದೆ.

ಎತ್ತರದ್ದು ಇನ್ನೂ ಮುಖ್ಯ. ಬ್ಯಾಟರಿ ದೊಡ್ಡದಾದಂತೆ ಟರ್ಮಿನಲ್ ಮುಚ್ಚಳದ ಹತ್ತಿರ ಬರುತ್ತದೆ. ಮುಚ್ಚಳ ಕಬ್ಬಿಣ. ಯಾರೋ ಅದರ ಮೇಲೆ ಕುಳಿತರು, ತಗಡು ಬಗ್ಗಿತು, ಎರಡು ಟರ್ಮಿನಲ್ಲಿಗೂ ಒಟ್ಟಿಗೆ ತಾಗಿತು ಎಂದರೆ ನೂರಾರು ಆಂಪಿಯರ್ ಒಮ್ಮೆಗೇ ಹರಿದು ತಗಡು ಕೆಂಪಗೆ ಕಾಯುತ್ತದೆ. 12 ವೋಲ್ಟು ಮುಟ್ಟಿದರೆ ಏನೂ ಆಗುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಮುಚ್ಚಳಕ್ಕೂ ಟರ್ಮಿನಲ್ಲಿಗೂ ನಾಲ್ಕು ಇಂಚು ಅಂತರ ಬಿಟ್ಟು, ಮುಚ್ಚಳದ ಒಳಮೈಗೆ ಹಳೆಯ ಲಾರಿ ಟ್ಯೂಬಿನ ರಬ್ಬರು ಅಂಟಿಸಿದೆವು. ಧನ ಟರ್ಮಿನಲ್ಲಿನ ಹತ್ತಿರದಲ್ಲೇ ತಂತಿಗೆ ಒಂದು ಫ್ಯೂಸು.

ಗಾಳಿಯ ಕಿಂಡಿಗಳನ್ನು ಮರೆಯಬಾರದು. ಬ್ಯಾಟರಿ ತುಂಬುತ್ತ ಬಂದಾಗ ಒಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ದೊಡ್ಡ ಬ್ಯಾಟರಿ, ಎರಡು ಪ್ಯಾನೆಲು ಎಂದರೆ ಇದೂ ಹೆಚ್ಚು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅದು ಹಗುರ, ಮೇಲಕ್ಕೆ ಹೋಗಿ ಮುಚ್ಚಳದಡಿ ನಿಲ್ಲುತ್ತದೆ. ಆದ್ದರಿಂದ ಕಿಂಡಿಗಳು ಮುಚ್ಚಳದ ಕೆಳಗೇ, ಎರಡು ಎದುರು ಪಕ್ಕಗಳಲ್ಲಿ ಇರಬೇಕು. ತಳದ ಬಳಿ ಎರಡು ಕಿಂಡಿ ಗಾಳಿ ಒಳಗೆ ಬರಲು. ಮಳೆ ಹೊಡೆಯದಂತೆ ಸಣ್ಣ ಸೂರು, ಇರುವೆ ಹಲ್ಲಿ ಸೇರದಂತೆ ಸೊಳ್ಳೆ ಜಾಲರಿ. ಹಳೆಯ ಪೆಟ್ಟಿಗೆಯಲ್ಲಿ ಎನರ್ಜೈಸರು ಬ್ಯಾಟರಿಯ ನೆತ್ತಿಯ ಮೇಲೆಯೇ ಒಂದು ಹಲಗೆಯ ಮೇಲೆ ಕುಳಿತಿತ್ತು. ಕಿಡಿ ಹುಟ್ಟಬಹುದಾದ ಯಂತ್ರ, ಜಲಜನಕ ಏಳುವ ಜಾಗ! ಅದನ್ನು ಪ್ರತ್ಯೇಕ ಸಣ್ಣ ಪೆಟ್ಟಿಗೆಗೆ, ಕಂಬದ ಇನ್ನೊಂದು ಮಗ್ಗುಲಿಗೆ ಕಳಿಸಿದೆವು. ಆಸಿಡಿನ ಹಬೆಯಿಂದಲೂ ಅದಕ್ಕೆ ಬಿಡುಗಡೆಯಾಯಿತು. ಆದರೆ ಎನರ್ಜೈಸರಿನಿಂದ ಬೇಲಿಗೆ ಹೋಗುವ ತಂತಿಯನ್ನು ಉದ್ದ ಮಾಡುವಾಗ ಮನೆಯ ವೈರಿಂಗಿನ ತಂತಿ ಹಾಕಬಾರದು. ಅದರ ಹೊದಿಕೆ ಸಾವಿರ ಚಿಲ್ಲರೆ ವೋಲ್ಟಿಗೆ ಮಾತ್ರ. ಬೇಲಿಯ ಮಿಡಿತ ಅದನ್ನು ತೂರಿ ಕಂಬಕ್ಕೆ ಇಳಿಯುತ್ತದೆ. ಬೇಲಿಗೆಂದೇ ಮಾಡಿದ ದಪ್ಪ ಹೊದಿಕೆಯ ತಂತಿ ಸಿಗುತ್ತದೆ.

30 ಕಿಲೋ ಭಾರವನ್ನು ಕಂಬಕ್ಕೆ ನೇತುಹಾಕುವಂತಿಲ್ಲ. ಗಾಳಿಗೆ ಅಲುಗಾಡಿ ಬೋಲ್ಟು ಕಿತ್ತುಬರುತ್ತದೆ. ಪ್ಯಾನೆಲಿನ ನೆರಳು ಬೀಳುವೆಡೆ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಮೇಲೆ ಕಲ್ಲು ಚಪ್ಪಡಿ ಹಾಸಿ ಪೆಟ್ಟಿಗೆಯನ್ನು ಕೂರಿಸಿದೆವು. ಪ್ಯಾನೆಲು ಎರಡಾದದ್ದರಿಂದ ನೆರಳೂ ಅಗಲವಾಯಿತು. ಈ ನೆರಳಿಗೆ ಬೆಲೆಯುಂಟು: ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ. ಪೆಟ್ಟಿಗೆಯ ತಳದಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ, ತಪ್ಪಿ ಚೆಲ್ಲಿದ ಆಸಿಡ್ ತಗಡನ್ನು ತಿನ್ನದಂತೆ. ಚೆಲ್ಲಿದರೆ ಅಡಿಗೆ ಸೋಡ ಉದುರಿಸಿ ನೀರು ಹಾಕಿ ತೊಳೆದರೆ ಸಾಕು. ಬೀಗವನ್ನಂತೂ ಹೇಳಬೇಕಾದ್ದಿಲ್ಲ, ಆನೆ ಬ್ಯಾಟರಿ ಕದಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಮಾತು ಉಳಿಯುತ್ತದೆ. ತಂತಿಗೆ ಹುಲ್ಲು, ಬಳ್ಳಿ ತಾಗಿಕೊಂಡಿದ್ದರೆ ಮಿಡಿತ ಅವುಗಳ ಮೂಲಕ ನೆಲಕ್ಕೆ ಸೋರಿಹೋಗುತ್ತದೆ. ಎಂಥ ಬ್ಯಾಟರಿ ಇಟ್ಟರೂ ಅದಕ್ಕೆ ಮದ್ದಲ್ಲ, ಕುಡುಗೋಲೇ ಮದ್ದು. ಹದಿನೈದು ದಿನಕ್ಕೊಮ್ಮೆ ಬೇಲಿಯ ಬುಡ ಸವರದ ಮನೆಯವರು ಬ್ಯಾಟರಿಯ ಮೇಲೆ ದೂರು ಹೇಳುವುದನ್ನು ನಾನು ಒಪ್ಪುವುದಿಲ್ಲ.

ಹೊಲವಿಲ್ಲದ ಕೇಳುಗರಿಗೆ ಮನೆಯ ಯು.ಪಿ.ಎಸ್. ಇದೆಯಷ್ಟೆ. ಹಳೆಯ ಗಿಡ್ಡ ಬ್ಯಾಟರಿ ಹೋಗಿ 150 ಎ.ಎಚ್.ನ ಎತ್ತರದ ಟ್ಯೂಬುಲರ್ ಬ್ಯಾಟರಿ ಬಂದಾಗ ಗಾಲಿಯ ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ. ಮುಚ್ಚಳವನ್ನು ಎಸೆದು, ಮೇಲೆ ಒಂದು ಬಟ್ಟೆ ಹೊದಿಸಿ, ಮಂಚದಡಿಯೋ ದೇವರ ಮನೆಯ ಮಗ್ಗುಲಿಗೋ ತಳ್ಳಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಜಲಜನಕದ ಮಾತು ಅಲ್ಲಿಗೂ ಅನ್ವಯಿಸುತ್ತದೆ. ದೀಪ, ಊದುಬತ್ತಿ, ಗ್ಯಾಸ್ ಒಲೆ ದೂರವಿರಲಿ, ಕಿಟಕಿ ಹತ್ತಿರವಿರಲಿ. 50 ಕಿಲೋ ಮೀರಿದ ಬ್ಯಾಟರಿಗೆ ಹಳೆಯ ಸಣ್ಣ ಗಾಲಿಗಳು ತಡೆಯುವುದಿಲ್ಲ. ಕೊಳ್ಳುವ ದಿನವೇ ಅದರ ಅಳತೆಯ ಗಾಲಿಪೆಟ್ಟಿಗೆಯನ್ನೂ ಕೇಳಿ ಪಡೆಯಿರಿ. ಯು.ಪಿ.ಎಸ್. ಅಷ್ಟು ದೊಡ್ಡ ಬ್ಯಾಟರಿಯನ್ನು ತುಂಬಬಲ್ಲುದೇ ಎಂದೂ ಕೇಳಿ. ಪ್ಯಾನೆಲಿನ ಲೆಕ್ಕವೇ ಇಲ್ಲಿಯದೂ.

ಎರಡು ತಿಂಗಳಿಗೊಮ್ಮೆ ಬ್ಯಾಟರಿ ನೀರು ನೋಡಿ. ಬಾವಿಯ ನೀರು, ಫಿಲ್ಟರಿನ ನೀರು ಬೇಡ. ಅಂಗಡಿಯಲ್ಲಿ ಸಿಗುವ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಗುರುತಿನ ಗೆರೆ ಮೀರದಂತೆ. ಟರ್ಮಿನಲ್ಲಿಗೆ ಸ್ವಲ್ಪ ವ್ಯಾಸಲೀನ್ ಸವರಿದರೆ ಹಸಿರು ಹೂ ಕಟ್ಟುವುದಿಲ್ಲ. ಹಳೆಯ ಬ್ಯಾಟರಿಯನ್ನು ಹಿತ್ತಲಿನಲ್ಲಿ ಇಟ್ಟುಕೊಳ್ಳಬೇಡಿ, ಆಸಿಡನ್ನು ಚರಂಡಿಗೆ ಸುರಿಯಲೂ ಬೇಡಿ. ಹಾಗೆಯೇ, ಆಸಿಡ್ ಸಮೇತ, ನೆಟ್ಟಗೆ ನಿಲ್ಲಿಸಿಕೊಂಡು ಅಂಗಡಿಗೆ ಒಯ್ದರೆ ಸೀಸದ ತೂಕ ನೋಡಿ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ತಮ್ಮನ ಹಳೆಯ ಬ್ಯಾಟರಿ ಹನಗೋಡಿನಿಂದ ಹುಣಸೂರಿಗೆ ಬಸ್ಸಿನಲ್ಲಿ ಬರಲಿಲ್ಲ; ಕಂಡಕ್ಟರು ಹತ್ತಿಸಿಕೊಳ್ಳಲಿಲ್ಲ, ಅವರು ಮಾಡಿದ್ದು ಸರಿ. ಹೊಗೆಸೊಪ್ಪಿನ ಬೇಲು ತುಂಬಿದ ಒಂದು ಗೂಡ್ಸ್ ಆಟೋದಲ್ಲಿ ಮೂಲೆಗೆ ಹಗ್ಗ ಕಟ್ಟಿಸಿಕೊಂಡು ಬಂತು.